ಬ್ಯಾಕ್ಟೀರಿಯ ನೆಲೆಯೂರದ ಮೇಲ್ಮೈ: ಯಾವ ಕೆಲಸಕ್ಕೆ ಯಾವುದನ್ನು ಆರಿಸಬೇಕು?

ಹಾಲಿನ ಕ್ಯಾನು, ನೀರಿನ ಟ್ಯಾಂಕಿ, ಕ್ಲಿನಿಕ್ಕಿನ ಬಾಗಿಲ ಹಿಡಿಕೆ, ತರಕಾರಿ ಹೆಚ್ಚುವ ಹಲಗೆ ಹೀಗೆ ದಿನಬಳಕೆಯ ಅನೇಕ ವಸ್ತುಗಳ ಮೇಲೆ ‘ನ್ಯಾನೊ’ ಎಂಬ ಚೀಟಿ ಅಂಟಿರುವುದನ್ನು ಈಗ ಕಾಣುತ್ತೇವೆ. ನೂರಕ್ಕೆ 99.9ರಷ್ಟು ಬ್ಯಾಕ್ಟೀರಿಯ ಸಾಯುತ್ತದೆ ಎಂಬ ಮಾತೂ ಅದರ ಜೊತೆಗೇ ಇರುತ್ತದೆ. ಆನ್‌ಲೈನಿನಲ್ಲಿ ತರಿಸಿಕೊಂಡರೆ ಪೆರ್ಲಕ್ಕೂ ಮುಳ್ಳೇರಿಯಕ್ಕೂ ಬಂದು ತಲುಪುವ ಈ ಸರಕಿನಲ್ಲಿ ಯಾವುದು ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಹಣ ಹಾಕುವುದು ವ್ಯರ್ಥ ಎಂಬುದನ್ನು ವಿಜ್ಞಾನದ ಆಧಾರದಲ್ಲಿ ಹೋಲಿಸಿ ನೋಡುವುದು ಈ ಬರಹದ ಉದ್ದೇಶ. ಮಳೆಗಾಲದುದ್ದಕ್ಕೂ ಗೋಡೆಯಾಗಲಿ ಬಟ್ಟೆಯಾಗಲಿ ಸರಿಯಾಗಿ ಒಣಗದ ನಮ್ಮ ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಮಹತ್ವ ಹೆಚ್ಚು. ಏಕೆಂದರೆ ಬ್ಯಾಕ್ಟೀರಿಯ ಒಂದು ಮೇಲ್ಮೈಗೆ ಅಂಟಿಕೊಂಡು ಅಲ್ಲೇ ಬೆಳೆಯಲು ಮೊದಲು ಬೇಕಾದದ್ದು ತೇವ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಹಾಕಿ ತಿಕ್ಕಿ ತೊಳೆಯಲು ಸಾಧ್ಯವಿರುವ ವಸ್ತುಗಳಿಗೆಲ್ಲ ನುಣುಪಾದ ಸ್ಟೀಲೇ ಇಂದಿಗೂ ಸರಿಯಾದ ಆಯ್ಕೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮೊಳೆ, ರಂಧ್ರಗಳಿರುವ ನ್ಯಾನೊ ವಿನ್ಯಾಸದ ಮೇಲ್ಮೈಗಳ ನಿಜವಾದ ಬೆಲೆ ತಿಳಿಯುವುದು ಬ್ರಶ್ ತಲುಪದ ಜಾಗಗಳಲ್ಲಿ, ಅದರಲ್ಲೂ ಮನುಷ್ಯನ ದೇಹದೊಳಗೆ ಕೂರಿಸುವ ಸಾಧನಗಳಲ್ಲಿ. ಯಾವುದನ್ನು ಆರಿಸುವಾಗಲೂ ಆ ಮೇಲ್ಮೈ ಸದಾ ಒದ್ದೆಯಾಗಿರುತ್ತದೆಯೇ ಅಥವಾ ಒಣಗಿರುತ್ತದೆಯೇ, ಅದರ ಮೇಲೆ ಬರಿಯ ನೀರು ಹರಿಯುತ್ತದೆಯೇ ಅಥವಾ ಹಾಲು, ರಕ್ತದಂತಹ ಪ್ರೋಟೀನು ತುಂಬಿದ ದ್ರವವೇ, ಅದನ್ನು ಉಜ್ಜಬಹುದೇ, ಅಲ್ಲಿ ಬರುವ ಬ್ಯಾಕ್ಟೀರಿಯ ಯಾವ ಜಾತಿಯದು ಎಂಬುದನ್ನು ನೋಡಬೇಕು. ಇವಕ್ಕೆ ಉತ್ತರ ಸಿಕ್ಕಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಗಾತ್ರದ ಲೆಕ್ಕ

ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯ ಕಡ್ಡಿಯ ಆಕಾರದ್ದು; ಉದ್ದ ಸುಮಾರು 2 ಮೈಕ್ರಾನ್, ದಪ್ಪ ಅದರ ಅರ್ಧದಷ್ಟು. ಗಾಯ ಕೀವಾಗಲು ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಗುಂಡಗಿದ್ದು, ಅದರ ಅಡ್ಡಳತೆ 1 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಅಂದರೆ 1000 ನ್ಯಾನೊಮೀಟರ್. ಮೇಲ್ಮೈಯ ಒರಟುತನ ಬ್ಯಾಕ್ಟೀರಿಯಕ್ಕೆ ಅನುಕೂಲವೋ ಪ್ರತಿಕೂಲವೋ ಎಂಬುದು ಬ್ಯಾಕ್ಟೀರಿಯದ ಗಾತ್ರ, ಒರಟುತನದ ಗಾತ್ರ ಈ ಎರಡು ಅಳತೆಗಳ ಸಂಬಂಧದಿಂದ ನಿರ್ಧಾರವಾಗುತ್ತದೆ. ಗೀರು ಅಥವಾ ಗುಳಿ ಬ್ಯಾಕ್ಟೀರಿಯಕ್ಕಿಂತ ತುಸು ದೊಡ್ಡದಾಗಿದ್ದರೆ ಅದು ಒಳಗೆ ಇಳಿದು ಕೂರುತ್ತದೆ. ಅದರ ಮೈಯ ಹೆಚ್ಚಿನ ಭಾಗ ಗೋಡೆಗೆ ತಾಗಿರುವುದರಿಂದ ಹಿಡಿತವೂ ಬಲವಾಗಿರುತ್ತದೆ, ನೀರಿನ ಹರಿವಿನಿಂದ ರಕ್ಷಣೆಯೂ ಸಿಗುತ್ತದೆ. ಅದೇ ಗುಳಿಗಳು ಬ್ಯಾಕ್ಟೀರಿಯಕ್ಕಿಂತ ಬಹಳ ಚಿಕ್ಕದಾದರೆ ಅದು ಒಳಗಿಳಿಯಲಾರದು. ಗುಳಿಗಳ ಅಂಚಿನ ಮೇಲೆ ಮಾತ್ರ ನಿಲ್ಲಬೇಕಾಗುವುದರಿಂದ ತಾಗುವ ಜಾಗ ಕಡಿಮೆಯಾಗುತ್ತದೆ.

ಈ ಮಾತಿಗೆ ಒಳ್ಳೆಯ ಉದಾಹರಣೆ ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಅಲ್ಯೂಮಿನಿಯಮ್ಮಿನ ಮೇಲೆ ಸಾಲುಸಾಲು ರಂಧ್ರಗಳಿರುವ ಆಕ್ಸೈಡ್ ಪದರ ಬೆಳೆಯುತ್ತದೆ. ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 15ರಿಂದ 100 ನ್ಯಾನೊಮೀಟರ್‌ವರೆಗಿನ ರಂಧ್ರಗಳನ್ನು ಹೋಲಿಸಿ ನೋಡಿದಾಗ, 15 ಮತ್ತು 25 ನ್ಯಾನೊಮೀಟರ್ ರಂಧ್ರಗಳಿದ್ದ ಮೇಲ್ಮೈಗಳಲ್ಲಿ ಇ. ಕೋಲಿ ಮತ್ತು ಲಿಸ್ಟೀರಿಯ ಅತಿ ಕಡಿಮೆ ಅಂಟಿಕೊಂಡವು. ರಂಧ್ರಗಳಿದ್ದರೆ ಕೊಳೆ ಕೂರುತ್ತದೆ ಎಂಬ ನಮ್ಮ ಅಡುಗೆಮನೆಯ ತಿಳುವಳಿಕೆ ಕಣ್ಣಿಗೆ ಕಾಣುವ ಗಾತ್ರದಲ್ಲಿ ಸರಿಯೇ. ನ್ಯಾನೊ ಗಾತ್ರಕ್ಕೆ ಇಳಿದಾಗ ಅದೇ ನಿಯಮ ತಿರುವುಮುರುವಾಗಬಹುದು.

ಹಾಗೆಂದು ಬ್ಯಾಕ್ಟೀರಿಯ ಸುಮ್ಮನೆ ಬಂದು ಬೀಳುವ ಧೂಳಿನ ಕಣವಲ್ಲ. ಇ. ಕೋಲಿಯ ಫ್ಲಾಜೆಲ್ಲ ಎಂಬ ಎಳೆಗಳು ಅದರ ಮೈ ಹಿಡಿಸದ ಸಂದುಗಳೊಳಗೂ ಚಾಚಿ ಹಿಡಿತ ಸಾಧಿಸುತ್ತವೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿಕೊಟ್ಟಿತು. ಒಮ್ಮೆ ನೆಲೆ ಸಿಕ್ಕಿದರೆ ಬ್ಯಾಕ್ಟೀರಿಯ ಸಕ್ಕರೆ ಮತ್ತು ಪ್ರೋಟೀನುಗಳ ಲೋಳೆಯನ್ನು ಸುತ್ತ ಹೊದ್ದುಕೊಳ್ಳುತ್ತದೆ. ಇದೇ ಬಯೊಫಿಲ್ಮ್, ಟ್ಯಾಂಕಿಯ ಒಳಗೋಡೆಯನ್ನು ಬೆರಳಿನಿಂದ ಸವರಿದಾಗ ಜಾರುವ ಪದರ ಅದೇ. ಅದು ಬಲಿತ ಮೇಲೆ ಔಷಧಕ್ಕೂ ಕ್ಲೋರಿನ್‌ಗೂ ಸುಲಭದಲ್ಲಿ ಬಗ್ಗುವುದಿಲ್ಲ. ಆದ್ದರಿಂದ ಮೇಲ್ಮೈಯ ಆಯ್ಕೆಯಲ್ಲಿ ನಾವು ಗೆಲ್ಲಬೇಕಾದದ್ದು ಮೊದಲ ಕೆಲವು ಗಂಟೆಗಳ ಈ ನೆಲೆಯೂರುವ ಹಂತವನ್ನು.

ನುಣುಪಾದ ಸ್ಟೀಲ್

ಹಾಲು ಮತ್ತು ಆಹಾರದ ಯಂತ್ರಗಳಿಗೆ ಬಳಸುವ ಸ್ಟೀಲಿನ ಸರಾಸರಿ ಒರಟುತನ 0.8 ಮೈಕ್ರಾನನ್ನು ಮೀರಬಾರದೆಂಬುದು ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ಮಿತಿ. ಒಳ್ಳೆಯ ತಗಡು ಕಾರ್ಖಾನೆಯಿಂದ ಬರುವಾಗಲೇ ಇದಕ್ಕಿಂತ ನುಣುಪಾಗಿರುತ್ತದೆ. ತೊಂದರೆ ಇರುವುದು ಬೆಸುಗೆಯಲ್ಲಿ. ಕ್ಯಾನಿನ ಕೊರಳು ಮೈಗೆ ಕೂಡುವ ಕಡೆ ಒಳಗೆ ಕೈ ಹಾಕಿ ಉಗುರನ್ನು ಅಡ್ಡಕ್ಕೆ ಎಳೆದು ನೋಡಬೇಕು. ಉಗುರು ತಡೆಯದೆ ಜಾರಿದರೆ ಬೆಸುಗೆಯನ್ನು ಉಜ್ಜಿ ಪಾಲಿಶ್ ಮಾಡಿದ್ದಾರೆಂದು ತಿಳಿಯಬಹುದು. ತಡೆದರೆ ಅಲ್ಲಿರುವ ಗೀರು ಬ್ಯಾಕ್ಟೀರಿಯದ ಲೆಕ್ಕದಲ್ಲಿ ಆಳವಾದ ಕಣಿವೆ. ಕ್ಯಾನು ಕೊಳ್ಳುವಾಗ ನೋಡಬೇಕಾದ ಜಾಗಗಳಲ್ಲಿ ಇದು ಮೊದಲನೆಯದು, ಮುಚ್ಚಳದ ರಬ್ಬರ್ ಬಳೆ ಎರಡನೆಯದು. ರಬ್ಬರ್ ಹಳತಾದಂತೆ ಬಿರುಕು ಬಿಡುತ್ತದೆ. ಕ್ಯಾನು ಎಷ್ಟೇ ಹೊಳೆಯುತ್ತಿದ್ದರೂ ಬಿರುಕುಬಿಟ್ಟ ಬಳೆಯೊಂದು ಸಾಕು ಹಾಲು ಕೆಡಲು.

304 ಮತ್ತು 316 ಎಂಬ ಎರಡು ಬಗೆಯ ಸ್ಟೀಲಿನ ನಡುವೆ ಯಾವುದು ಎಂಬ ಪ್ರಶ್ನೆ ಕರಾವಳಿಯವರಿಗೆ ಬರಲೇಬೇಕು. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು ಉಪ್ಪಿನ ಅಂಶವನ್ನು ಚೆನ್ನಾಗಿ ತಾಳುತ್ತದೆ. ಉಪ್ಪು ಮತ್ತು ಬ್ಲೀಚಿಂಗ್ ಪೌಡರಿನಲ್ಲಿರುವ ಕ್ಲೋರೈಡ್ 304ರ ಮೇಲೆ ಸೂಕ್ಷ್ಮವಾದ ಗುಳಿಗಳನ್ನು ಕೊರೆಯಬಲ್ಲದು, ಆ ಗುಳಿಗಳೇ ಮುಂದೆ ಬ್ಯಾಕ್ಟೀರಿಯದ ಅಡಗುದಾಣ. ಬಾಯಾರು, ಎಣ್ಮಕಜೆಯಂತಹ ಒಳನಾಡಿನಲ್ಲಿ ಹಾಲಿನ ಕೆಲಸಕ್ಕೆ 304 ಸಾಕು. ಮಂಜೇಶ್ವರ, ಕುಂಬಳೆಯ ಕಡಲ ತಡಿಯಲ್ಲಿ ಮೀನಿನ ಕೆಲಸಕ್ಕೆ ಮೇಜು ಮಾಡಿಸುವವರು 316ಕ್ಕೆ ಹೆಚ್ಚಿನ ಬೆಲೆ ತೆತ್ತರೂ ನಷ್ಟವಿಲ್ಲ. ಎರಡನ್ನೂ ಲೋಹದ ನಾರಿನಿಂದ ಉಜ್ಜಬಾರದು. ನೈಲಾನ್ ಬ್ರಶ್ ಅಥವಾ ತೆಂಗಿನ ನಾರು ಒಳ್ಳೆಯದು. ದುಬಾರಿ ಬೆಲೆಗೆ ಕೊಂಡ ನುಣುಪನ್ನು ಒಂದೇ ತಿಂಗಳಲ್ಲಿ ಕೆರೆದು ಹಾಳುಮಾಡುವುದನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಜೀರುಂಡೆಯ ರೆಕ್ಕೆಯಿಂದ ಕಲಿತದ್ದು

ಈಗ ಈ ವಿಷಯದ ಅತ್ಯಂತ ಕುತೂಹಲಕರ ಭಾಗಕ್ಕೆ ಬರೋಣ. 2012ರಲ್ಲಿ ಆಸ್ಟ್ರೇಲಿಯದ ಎಲೆನಾ ಇವನೋವಾ ಮತ್ತು ಅವರ ತಂಡ, ಸಿಕಾಡ ಎಂಬ ಜಾತಿಯ ಜೀರುಂಡೆಯ ರೆಕ್ಕೆಯ ಮೇಲೆ ಬಿದ್ದ ಸೂಡೊಮೊನಾಸ್ ಬ್ಯಾಕ್ಟೀರಿಯ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ ಎಂದು ಕಂಡುಹಿಡಿದರು. ರೆಕ್ಕೆಯ ಮೇಲೆ ಸುಮಾರು 200 ನ್ಯಾನೊಮೀಟರ್ ಎತ್ತರದ, ತುದಿಯಲ್ಲಿ 60 ನ್ಯಾನೊಮೀಟರ್ ಅಗಲದ ಮೊಳೆಗಳು 170 ನ್ಯಾನೊಮೀಟರ್ ಅಂತರದಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ರೆಕ್ಕೆಯಲ್ಲಿ ಏನಾದರೂ ವಿಷವಸ್ತು ಇರಬಹುದೇ ಎಂದು ಪರೀಕ್ಷಿಸಲು ಅದರ ಮೇಲೆ 10 ನ್ಯಾನೊಮೀಟರ್ ದಪ್ಪದ ಚಿನ್ನದ ಪದರವನ್ನು ಹೊದಿಸಿದರು. ಆಗಲೂ ಬ್ಯಾಕ್ಟೀರಿಯ ಸತ್ತಿತು. ಕೊಲ್ಲುತ್ತಿರುವುದು ರಾಸಾಯನಿಕವಲ್ಲ, ಆಕಾರ ಎಂಬುದು ಹೀಗೆ ಸ್ಪಷ್ಟವಾಯಿತು.

ಮೊಳೆಗಳು ಸೂಜಿಯಂತೆ ಚುಚ್ಚುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಆ ತಂಡವು ಮುಂದಿಟ್ಟ ವಿವರಣೆ ಬೇರೆ. ಅಡಿಕೆ ಅಂಗಳದಲ್ಲಿ ಗೂಟಗಳ ಮೇಲೆ ಎಳೆದು ಕಟ್ಟಿದ ಟಾರ್ಪಾಲಿನಲ್ಲಿ ಮಳೆನೀರು ನಿಂತಾಗ ಟಾರ್ಪಾಲು ಹರಿದುಹೋಗುವುದು ಗೂಟದ ತುದಿಯಲ್ಲಲ್ಲ, ಎರಡು ಗೂಟಗಳ ನಡುವೆ ಜಗ್ಗಿದ ಭಾಗದಲ್ಲಿ. ಬ್ಯಾಕ್ಟೀರಿಯದ ಪೊರೆಯೂ ಮೊಳೆಗಳಿಗೆ ಅಂಟಿಕೊಳ್ಳುತ್ತ, ನಡುವಿನ ಭಾಗದಲ್ಲಿ ಹಿಗ್ಗಿ ಹರಿದುಹೋಗುತ್ತದೆ. ಹಾಗಾಗಿ ಪೊರೆ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಗ್ರಾಂ ನೆಗೆಟಿವ್ ಎಂದು ಕರೆಯುವ ಇ. ಕೋಲಿ, ಸೂಡೊಮೊನಾಸ್‌ಗಳ ಗೋಡೆ ತೆಳುವಾದ್ದರಿಂದ ಅವು ಬೇಗ ಸಾಯುತ್ತವೆ. ದಪ್ಪ ಗೋಡೆಯ ಗ್ರಾಂ ಪಾಸಿಟಿವ್ ಸ್ಟ್ಯಾಫಿಲೊಕಾಕಸ್ ಅದೇ ಜೀರುಂಡೆಯ ರೆಕ್ಕೆಯ ಮೇಲೆ ಬದುಕಿ ಉಳಿಯುತ್ತದೆ. ಮರುವರ್ಷ, ಅಂದರೆ 2013ರಲ್ಲಿ, ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಮತ್ತು ಅದನ್ನು ಹೋಲುವ ಮೊಳೆಗಳಿರುವ ‘ಕಪ್ಪು ಸಿಲಿಕಾನ್’ ಎರಡೂ ದಪ್ಪ ಗೋಡೆಯ ಬ್ಯಾಕ್ಟೀರಿಯವನ್ನೂ ಕೊಲ್ಲಬಲ್ಲವೆಂದು ತಿಳಿದುಬಂತು. ಕಪ್ಪು ಸಿಲಿಕಾನಿನ ಮೊಳೆಗಳು ಸುಮಾರು 500 ನ್ಯಾನೊಮೀಟರ್ ಎತ್ತರದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿಯವರ ತಂಡ ಮೂಳೆಯ ಶಸ್ತ್ರಚಿಕಿತ್ಸೆಗೆ ಬಳಸುವ ಟೈಟಾನಿಯಂ ಮೇಲೆ ಇಂಥದ್ದೇ ರಚನೆಯನ್ನು ಕೊರೆದು 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಆ ಅಂಕಿಗಳನ್ನು ಗಮನವಿಟ್ಟು ಓದಬೇಕು. ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಗಳ ಪೈಕಿ 4 ಗಂಟೆಗಳಲ್ಲಿ ಸತ್ತವು ಸೂಡೊಮೊನಾಸ್‌ನಲ್ಲಿ ಶೇಕಡಾ 98, ಇ. ಕೋಲಿಯಲ್ಲಿ 95ರಷ್ಟಾದರೆ, ಸ್ಟ್ಯಾಫಿಲೊಕಾಕಸ್‌ನಲ್ಲಿ ಕೇವಲ 22. ಅದೇ 24 ಗಂಟೆ ಬಿಟ್ಟಾಗ 76ಕ್ಕೆ ಏರಿತು. ಒಂದೇ ಮೇಲ್ಮೈ, ಒಂದೇ ಪ್ರಯೋಗಶಾಲೆ; ಆದರೂ ಬ್ಯಾಕ್ಟೀರಿಯದ ಜಾತಿ ಮತ್ತು ಕಾಲಾವಧಿ ಬದಲಾದರೆ ಉತ್ತರವೂ ಇಷ್ಟು ಬದಲಾಗುತ್ತದೆ. ‘99.9’ ಎಂಬ ಒಂಟಿ ಅಂಕಿಯನ್ನು ಚೀಟಿಯಲ್ಲಿ ಕಂಡಾಗ ಯಾವ ಬ್ಯಾಕ್ಟೀರಿಯ, ಎಷ್ಟು ಹೊತ್ತು ಎಂದು ಕೇಳಬೇಕಾದದ್ದು ಇದಕ್ಕಾಗಿಯೇ.

ಈ ಮೊಳೆಗಳಿಗೆ ದೊಡ್ಡ ಕೊರತೆಯೊಂದಿದೆ. ಸತ್ತ ಬ್ಯಾಕ್ಟೀರಿಯದ ಅವಶೇಷಗಳು ಅಲ್ಲೇ ಉಳಿದು ಮೊಳೆಗಳನ್ನು ಮುಚ್ಚುತ್ತವೆ, ಅವುಗಳ ಮೇಲೆ ಬಂದು ಕೂರುವ ಮುಂದಿನ ತಂಡಕ್ಕೆ ಮೊಳೆ ತಾಗುವುದೇ ಇಲ್ಲ. ಹಾಲಿನ ಪ್ರೋಟೀನು ಮತ್ತು ಜಿಡ್ಡು ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ಉಜ್ಜಿದರೆ ಮೊಳೆ ಮುರಿಯುತ್ತದೆ. ಹೀಗಾಗಿ ಹಾಲಿನ ಕ್ಯಾನಿಗೆ, ಅಡುಗೆಮನೆಗೆ ಇದು ಹೇಳಿಸಿದ್ದಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನಗಳಲ್ಲಿ, ಮೂಳೆಯ ಜೀವಕೋಶಗಳು ಬಂದು ದೇಹದೊಳಗೆ ಕೂರಿಸಿದ ಸಾಧನದ ಮೇಲೆ ಹಬ್ಬುವವರೆಗೆ ಬ್ಯಾಕ್ಟೀರಿಯವನ್ನು ದೂರವಿಡಬೇಕಾದ ಕಡೆ ಇದರ ಉಪಯೋಗ ದೊಡ್ಡದು. ಮನುಷ್ಯನ ಜೀವಕೋಶ ಬ್ಯಾಕ್ಟೀರಿಯಕ್ಕಿಂತ ಹತ್ತಾರು ಪಟ್ಟು ದೊಡ್ಡದಾಗಿದ್ದು ಅದರ ಪೊರೆ ಬಾಗಬಲ್ಲದಾದ್ದರಿಂದ ಇಂತಹ ಮೊಳೆಗಳ ಮೇಲೆ ಅದು ಬದುಕಬಲ್ಲದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ಹೆಚ್ಚುತ್ತಿರುವ ಈ ಕಾಲದಲ್ಲಿ, ಆ್ಯಂಟಿಬಯೋಟಿಕ್ ಇಲ್ಲದೆ ಕೇವಲ ಆಕಾರದಿಂದ ಕೊಲ್ಲುವ ದಾರಿಯನ್ನು ನಾನು ಬಹಳ ಭರವಸೆಯಿಂದ ನೋಡುತ್ತೇನೆ.

ಕೆಸುವಿನ ಎಲೆ ಮತ್ತು ಹೂಜಿ ಗಿಡ

ನೀರನ್ನು ಹತ್ತಿರ ಸೇರಿಸದ ಮೇಲ್ಮೈಗಳು ಎರಡು ಬಗೆ. ಮೊದಲನೆಯದು ತಾವರೆ ಎಲೆಯದು. ಅದರ ಮೇಲಿನ ಸೂಕ್ಷ್ಮ ಉಬ್ಬುಗಳು ಮತ್ತು ಉಬ್ಬುಗಳ ಮೇಲಿನ ಮೇಣದ ನ್ಯಾನೊ ಕಡ್ಡಿಗಳು ಸೇರಿ ನೀರಿನ ಹನಿಯನ್ನು ಗುಂಡಾಗಿಯೇ ಉರುಳಿಸುತ್ತವೆ, ಉರುಳುವ ಹನಿ ಕೊಳೆಯನ್ನೂ ಎತ್ತಿಕೊಂಡು ಹೋಗುತ್ತದೆ ಎಂದು ಜರ್ಮನಿಯ ವಿಲ್ಹೆಲ್ಮ್ ಬಾರ್ಥ್‌ಲಾಟ್ ಮತ್ತು ನೈನ್‌ಹ್ಯೂಸ್ 1997ರಲ್ಲಿ ವಿವರಿಸಿದರು. ಇದನ್ನು ನೋಡಲು ನಮಗೆ ತಾವರೆಯೇ ಬೇಕಿಲ್ಲ, ಪತ್ರೊಡೆಗೆ ಕೊಯ್ಯುವ ಕೆಸುವಿನ ಎಲೆ ಸಾಕು. ಎಲೆಯನ್ನು ಬಕೆಟಿನ ನೀರಿನಲ್ಲಿ ಓರೆಯಾಗಿ ಮುಳುಗಿಸಿದರೆ ಅದು ಬೆಳ್ಳಿಯಂತೆ ಹೊಳೆಯುತ್ತದೆ. ಆ ಹೊಳಪು ಎಲೆಗೂ ನೀರಿಗೂ ನಡುವೆ ಸಿಕ್ಕಿಕೊಂಡ ಗಾಳಿಯ ಪದರದ್ದು. ಅದೇ ನೀರಿಗೆ ಪಾತ್ರೆ ತೊಳೆಯುವ ಸೋಪನ್ನು ಚೆನ್ನಾಗಿ ಕಲಸಿ ಎಲೆಯನ್ನು ಮತ್ತೆ ಮುಳುಗಿಸಿ ನೋಡಿದರೆ ಹೊಳಪು ಮಾಯವಾಗಿ ಎಲೆ ಒದ್ದೆಯಾಗುತ್ತದೆ.

‘ಲೋಟಸ್ ಕೋಟಿಂಗ್’ ಹೆಸರಿನ ಲೇಪನಗಳ ಶಕ್ತಿಯೂ ಮಿತಿಯೂ ಈ ಒಂದು ಪರೀಕ್ಷೆಯಲ್ಲಿದೆ. ಗಾಳಿಯ ಪದರ ಇರುವಷ್ಟು ಹೊತ್ತು ಬ್ಯಾಕ್ಟೀರಿಯಕ್ಕೆ ತಾಗಲು ಜಾಗವೇ ಇರುವುದಿಲ್ಲ. ನೀರಿನಡಿಯಲ್ಲೇ ಇದ್ದರೆ ಆ ಗಾಳಿ ನಿಧಾನವಾಗಿ ನೀರಿನಲ್ಲಿ ಕರಗಿ ಹೋಗುತ್ತದೆ. ಆಮೇಲೆ ಒರಟಾದ ಆ ಮೇಲ್ಮೈಯಲ್ಲಿ ಅಂಟಲು ನುಣುಪಿಗಿಂತ ಹೆಚ್ಚು ಜಾಗ ಸಿಗುತ್ತದೆ. ಆದುದರಿಂದ ಮಳೆಗೆ ನೆನೆದು ಮತ್ತೆ ಒಣಗುವ ಹೊರಗೋಡೆ, ಕಿಟಕಿಯ ಗಾಜು, ಸೋಲಾರ್ ಪ್ಯಾನೆಲ್‌ಗಳಿಗೆ ಈ ಲೇಪನ ತಕ್ಕದ್ದು. ಟ್ಯಾಂಕಿಯ ಒಳಗೋಡೆಗೆ ಇದನ್ನು ಬಳಿಯುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ.

ಎರಡನೆಯ ಬಗೆಯಲ್ಲಿ ಗಾಳಿಯ ಬದಲು ಎಣ್ಣೆಯಿದೆ. ಕೀಟಗಳನ್ನು ಜಾರಿಸಿ ಬೀಳಿಸುವ ಹೂಜಿ ಗಿಡದ ಅಂಚನ್ನು ಅನುಸರಿಸಿ ಹಾರ್ವರ್ಡ್‌ನ ಜೊಆನಾ ಐಜೆನ್‌ಬರ್ಗ್ ಅವರ ತಂಡ 2011ರಲ್ಲಿ ಇದನ್ನು ರೂಪಿಸಿತು. ನ್ಯಾನೊ ರಂಧ್ರಗಳ ಪದರವೊಂದಕ್ಕೆ ನೀರಿನೊಡನೆ ಬೆರೆಯದ ಜಾರುದ್ರವವನ್ನು ತುಂಬಿಸಿಡುತ್ತಾರೆ. ಬ್ಯಾಕ್ಟೀರಿಯ ಬಂದು ಕೂರುವುದು ಘನವಸ್ತುವಿನ ಮೇಲಲ್ಲ, ದ್ರವದ ಮೇಲೆ. 2012ರ ಪ್ರಯೋಗದಲ್ಲಿ ಇದು ಸೂಡೊಮೊನಾಸ್‌ನ ಬಯೊಫಿಲ್ಮನ್ನು 7 ದಿನಗಳ ಕಾಲ ಶೇಕಡಾ 99.6ರಷ್ಟು, ಸ್ಟ್ಯಾಫಿಲೊಕಾಕಸ್‌ನದನ್ನು 97.2ರಷ್ಟು, ಇ. ಕೋಲಿಯದನ್ನು 96ರಷ್ಟು ತಡೆಯಿತು. ದಪ್ಪ ಗೋಡೆಯ ಬ್ಯಾಕ್ಟೀರಿಯದ ಮೇಲೂ ಒಂದೇ ತೆರನಾಗಿ ಕೆಲಸ ಮಾಡಿದ್ದು ಇದರ ಹೆಚ್ಚುಗಾರಿಕೆ. ಜಾರುದ್ರವ ಬತ್ತಿದರೆ ಗುಣವೂ ಹೋಗುತ್ತದೆ, ಸ್ವಲ್ಪಸ್ವಲ್ಪವೇ ಬಿಟ್ಟುಬಂದರೆ ತಿನ್ನುವ ಪದಾರ್ಥಕ್ಕೆ ಸೇರುತ್ತದೆ. ಮೂತ್ರದ ಕ್ಯಾತೆಟರ್‌ನಂತಹ, ಕೆಲವು ದಿನ ಬಳಸಿ ಎಸೆಯುವ ಕೊಳವೆಗಳಿಗೆ ಇದು ಹೊಂದುತ್ತದೆ. ವರ್ಷಗಟ್ಟಲೆ ಇಡುವ ಪಾತ್ರೆಗೆ ಹೊಂದದು.

ಶಾರ್ಕ್ ಚರ್ಮ, ತಾಮ್ರ, ಬೆಳ್ಳಿ

ಶಾರ್ಕ್ ಅಂದರೆ ತಾಟೆ ಮೀನಿನ ಚರ್ಮದಿಂದ ಪ್ರೇರಣೆ ಪಡೆದ ಏಣುಗಳ ವಿನ್ಯಾಸವನ್ನು ಫ್ಲೋರಿಡ ವಿಶ್ವವಿದ್ಯಾಲಯದ ಆಂಥೊನಿ ಬ್ರೆನ್ನನ್ ರೂಪಿಸಿದರು. ಏಣುಗಳು 2 ಮೈಕ್ರಾನ್ ಅಗಲ, 3 ಮೈಕ್ರಾನ್ ಎತ್ತರ ಇರುವುದರಿಂದ ಇದು ನಿಜದಲ್ಲಿ ನ್ಯಾನೊ ಅಲ್ಲ, ಮೈಕ್ರೊ. ಇದು ಕೊಲ್ಲುವುದಿಲ್ಲ, ನೆಲೆಯೂರುವುದನ್ನು ನಿಧಾನಗೊಳಿಸುತ್ತದೆ. 2007ರ ಅಧ್ಯಯನದಲ್ಲಿ 14ನೇ ದಿನಕ್ಕೆ ನುಣುಪಾದ ಸಿಲಿಕೋನ್ ರಬ್ಬರಿನ ಶೇಕಡಾ 54 ಭಾಗವನ್ನು ಸ್ಟ್ಯಾಫಿಲೊಕಾಕಸ್ ಆವರಿಸಿದ್ದರೆ, ಈ ವಿನ್ಯಾಸದ ಮೇಲೆ ಆವರಿಸಿದ್ದು ಶೇಕಡಾ 7 ಮಾತ್ರ. ಮೊಳೆಗಳಷ್ಟು ಸೂಕ್ಷ್ಮವಲ್ಲದ್ದರಿಂದ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುವುದೂ ಸುಲಭ.

ತಾಮ್ರದ ಕೆಲಸಕ್ಕೆ ಆಕಾರ ಕಾರಣವಲ್ಲ, ಅದರಿಂದ ಬಿಡುಗಡೆಯಾಗುವ ಅಯಾನುಗಳು, ಅಂದರೆ ವಿದ್ಯುದಂಶವುಳ್ಳ ಸೂಕ್ಷ್ಮ ಕಣಗಳು, ಕಾರಣ. ಆದರೂ ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುವುದರಿಂದ ಹೋಲಿಸದೆ ಬಿಡುವಂತಿಲ್ಲ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ ಮತ್ತು ಭೇದಿಯ ಬ್ಯಾಕ್ಟೀರಿಯಗಳು ಸತ್ತಿದ್ದುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಮುರಕಲ್ಲಿನ ನೆಲದ ನಮ್ಮ ಬಾವಿ, ಸುರಂಗಗಳ ನೀರಿಗೆ ಸಾಮಾನ್ಯವಾಗಿ ತುಸು ಹುಳಿಯ ಗುಣ ಇರುವುದರಿಂದ ತಾಮ್ರ ಇಲ್ಲಿ ಹೆಚ್ಚು ಕರಗುತ್ತದೆ ಎಂಬುದನ್ನು ನೆನಪಿಡಬೇಕು. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾತ್ರಿ ತುಂಬಿಟ್ಟು ಮರುದಿನ ಕುಡಿದು ಮುಗಿಸುವುದು ಸರಿ, ದಿನಗಟ್ಟಲೆ ಇಡುವುದು ಬೇಡ. ಮಜ್ಜಿಗೆ, ಪುನರ್ಪುಳಿಯ ಪಾನಕವನ್ನು ಅದರಲ್ಲಿ ಇಡಲೇಬಾರದು. ಬೆಳ್ಳಿಯ ನ್ಯಾನೊ ಕಣಗಳ ಲೇಪನವೂ ಅಯಾನುಗಳಿಂದಲೇ ಕೆಲಸ ಮಾಡುತ್ತದೆ, ತೊಳೆದಂತೆಲ್ಲ ಸವೆಯುತ್ತದೆ.

ಯಾರಿಗೆ ಯಾವುದು?

ಹಾಲಿನ ಸೊಸೈಟಿಗೆ, ಹಟ್ಟಿಗೆ ನುಣುಪು ಸ್ಟೀಲನ್ನು ಬಿಟ್ಟು ಬೇರೇನೂ ಬೇಡ. ಉಳಿದ ಹಣವನ್ನು ಹಾಲು ತಣ್ಣಗಿಡುವುದಕ್ಕೆ ಹಾಕಬೇಕು. ಕಲ್ಪರಸ ಇಳಿಸುವವರಿಗೂ ಇದೇ ಮಾತು. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಹೊಂಬಾಳೆಯ ರಸ ಹುಳಿಯಾಗದಂತೆ ಐಸ್ ತುಂಬಿದ ಸಂಗ್ರಹ ಪೆಟ್ಟಿಗೆಯನ್ನು ರೂಪಿಸಿದ್ದು ಸರಿಯಾದ ಹೆಜ್ಜೆ. ಸಕ್ಕರೆ ತುಂಬಿದ ಆ ರಸದಲ್ಲಿ ಯೀಸ್ಟೂ ಬ್ಯಾಕ್ಟೀರಿಯವೂ ಬೆಳೆಯುವ ವೇಗವನ್ನು ತಂಪು ತಡೆಯುವಷ್ಟು ಯಾವ ಮೇಲ್ಮೈಯೂ ತಡೆಯದು, ಏಕೆಂದರೆ ಮೇಲ್ಮೈಯ ಪ್ರಭಾವ ಅದಕ್ಕೆ ತಾಗಿದ ಜೀವಿಗಳ ಮೇಲೆ ಮಾತ್ರ, ರಸದ ನಡುವೆ ತೇಲುವವುಗಳ ಮೇಲೆ ಅಲ್ಲ.

ಕ್ಲಿನಿಕ್ಕಿನ ಬಾಗಿಲ ಹಿಡಿಕೆ, ಮಂಚದ ಸರಳುಗಳಿಗೆ ತಾಮ್ರ ಅಥವಾ ಹಿತ್ತಾಳೆ ಒಳ್ಳೆಯದು. ಒಣ ಸ್ಪರ್ಶದಲ್ಲೂ ತಾಮ್ರ ಕೆಲಸ ಮಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ 2008ರಲ್ಲಿ ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯನಾಶಕ ಮೇಲ್ಮೈಗಳೆಂದು ನೋಂದಾಯಿಸಿತು. ಇಲ್ಲಿ ಲೇಪನ ಮಾರುವವರು ಐಎಸ್‌ಒ 22196 ಪರೀಕ್ಷೆಯ ವರದಿ ತೋರಿಸಬಹುದು. ಆ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯವಿರುವ ದ್ರವವನ್ನು ಮೇಲ್ಮೈಯ ಮೇಲೆ ಹಾಕಿ, ತೆಳು ಹಾಳೆ ಮುಚ್ಚಿ, 35 ಡಿಗ್ರಿ ಶಾಖದಲ್ಲಿ 24 ಗಂಟೆ ತೇವವಾಗಿಯೇ ಇಡುತ್ತಾರೆ. ನಿಮಿಷಕ್ಕೊಬ್ಬರು ಮುಟ್ಟುವ ಒಣ ಹಿಡಿಕೆಗೆ ಆ ಅಂಕಿಯನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಉಜ್ಜಿ ಸವೆಸಿದ ಮೇಲೆ ಮಾಡಿದ ಪರೀಕ್ಷೆಯ ವರದಿ ಇದೆಯೇ ಎಂದು ಕೇಳಬೇಕು, ಇಲ್ಲವಾದರೆ ಕೊಳ್ಳಬಾರದು.

ಕಾಸರಗೋಡಿನ ಸರಕಾರಿ ಕಾಲೇಜಿನಲ್ಲೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಓದುತ್ತ ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬಯಸುವ ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಆನೊಡೈಸ್ ಮಾಡಿದ ಅಲ್ಯೂಮಿನಿಯಮ್ಮನ್ನು. ಕಪ್ಪು ಸಿಲಿಕಾನಿಗೂ ಮೊಳೆಗಳನ್ನು ಕೊರೆದ ಟೈಟಾನಿಯಮ್ಮಿಗೂ ದುಬಾರಿ ಯಂತ್ರ ಬೇಕು. ಇದಕ್ಕೆ ಆಮ್ಲ, ನೇರ ವಿದ್ಯುತ್ತಿನ ಮೂಲ, ತಣ್ಣೀರಿನ ತೊಟ್ಟಿ ಇದ್ದರೆ ಆರಂಭಿಸಬಹುದು. ಮೇಷ್ಟ್ರ ಮೇಲ್ವಿಚಾರಣೆ ಮತ್ತು ಕೈಗವಸು ಮಾತ್ರ ಬೇಕೇ ಬೇಕು. ವೋಲ್ಟೇಜ್ ಬದಲಿಸಿದರೆ ರಂಧ್ರಗಳ ಅಂತರ ಬದಲಾಗುತ್ತದೆ, ಪ್ರತಿ ವೋಲ್ಟಿಗೆ ಸುಮಾರು 2.5 ನ್ಯಾನೊಮೀಟರಿನಂತೆ. ಅದೇ ತಗಡಿನಿಂದ ಕತ್ತರಿಸಿದ, ಪಾಲಿಶ್ ಮಾಡಿದ ಆದರೆ ಆನೊಡೈಸ್ ಮಾಡದ ತುಂಡನ್ನು ಪ್ರತಿ ಸಲವೂ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು. ಎಣಿಸುವಾಗ ಅಂಟಿಕೊಂಡವು ಎಷ್ಟು, ಅಂಟಿದವುಗಳಲ್ಲಿ ಸತ್ತವು ಎಷ್ಟು ಎಂಬ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಬರೆದಿಡಬೇಕು, ಏಕೆಂದರೆ ಒಂದು ಮೇಲ್ಮೈ ಬ್ಯಾಕ್ಟೀರಿಯವನ್ನು ದೂರವಿಟ್ಟಿತೋ ಅಥವಾ ಹತ್ತಿರ ಬಂದದ್ದನ್ನು ಕೊಂದಿತೋ ಎಂಬುದು ಒಟ್ಟು ಸಂಖ್ಯೆಯಿಂದ ತಿಳಿಯುವುದಿಲ್ಲ.